ಮರೆವಿನ ಮೂಲಶೋಧನೆ: ಹಳೆಯ ಗಣಕಯಂತ್ರವೊಂದರ ಸ್ಮೃತಿದೋಷ ವಿಚಾರ

ಪೀಠಿಕೆ

ಭೀಮಾತೀರದ ಸನ್ನತಿಗೆ ಹೋದವರು ಶ್ರೀ ಚಂದ್ರಲಾಂಬಾ ದೇವಿಯ ದರ್ಶನ ಪಡೆದು ಬರುವುದು ನಮ್ಮ ಸೀಮೆಯಲ್ಲಿ ವಾಡಿಕೆ. ಅದೇ ಆವರಣದ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಶಿಲೆಯೊಂದು ಬೆಳಕಿಗೆ ಬಂದಿತು. ಅದರ ಎರಡೂ ಮುಖಗಳ ಮೇಲೆ ಬ್ರಾಹ್ಮೀಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿದ್ದವು. ಆದರೆ ವಿಗ್ರಹವನ್ನು ನಿಲ್ಲಿಸುವುದಕ್ಕೆಂದು ಯಾವ ಕಾಲದಲ್ಲೋ ಯಾರೋ ಶಿಲೆಯ ನಡುವೆ ಚೌಕದ ಕುಳಿಯನ್ನು ಕಡೆದಿದ್ದರು. ಆ ಕುಳಿಯಲ್ಲಿದ್ದ ಅಕ್ಷರಗಳು ಕಲ್ಲಿನ ಪುಡಿಯಾಗಿ ಹೋದವು. ಉಳಿದ ಅಕ್ಷರಗಳಿಂದ ಹೋದ ಅಕ್ಷರಗಳನ್ನು ಊಹಿಸುವ ಕಾರ್ಯವು ವಿದ್ವಾಂಸರ ಪಾಲಿಗೆ ಬಂದಿತು.

ಈ ಶಿಲೆಯ ಪ್ರಸಂಗವು ನನಗೆ ಇತ್ತೀಚೆಗೆ ಮತ್ತೆ ನೆನಪಾದುದು ತೀರ ಅನಿರೀಕ್ಷಿತವಾದ ಸಂದರ್ಭದಲ್ಲಿ. ನಮ್ಮ ವಿದ್ಯಾಲಯದ ಹಳೆಯ ವಿದ್ಯಾರ್ಥಿಯೊಬ್ಬರು ವಿದ್ಯುನ್ಮಾನ ಶಾಸ್ತ್ರವನ್ನು ಓದಿ ಉದ್ಯೋಗದಲ್ಲಿದ್ದಾರೆ. ಅವರು ಗುಜರಿ ಅಂಗಡಿಯಿಂದ ಕೊಂಡುತಂದ ಹಳೆಯ ಗಣಕಯಂತ್ರವೊಂದನ್ನು ದುರಸ್ತಿ ಮಾಡಿ ಶಾಲೆಯ ವಿಜ್ಞಾನ ಕೊಠಡಿಗೆ ಒಪ್ಪಿಸುವ ಸಂಕಲ್ಪದಿಂದ ರಜೆಯಲ್ಲಿ ಬಂದಿದ್ದರು. ಎರಡು ದಿನಗಳ ಕಾಲ ನಾನು ಅವರ ಪಕ್ಕದಲ್ಲಿ ಕುಳಿತು ನೋಡಿದೆ. ಕನ್ನಡ ಪಂಡಿತನಿಗೆ ಈ ವಿದ್ಯೆಯಲ್ಲಿ ಅಧಿಕಾರವೇನೆಂದು ವಾಚಕರು ಕೇಳಬಹುದು. ಯಂತ್ರವಿದ್ಯೆಯಲ್ಲಿ ನನಗೆ ಅಧಿಕಾರವಿಲ್ಲ; ಆದರೆ ಅಂದು ನಡೆದುದು ಪಾಠಶೋಧನೆಯೇ ಆಗಿತ್ತು. ಅದನ್ನು ನಾನು ನನ್ನ ಗುರುಗಳಿಂದ ಕಲಿತಿದ್ದೆ; ಆದರೂ ಒಮ್ಮೆ ಅದನ್ನು ಮರೆತು ತಪ್ಪಿದ್ದೆ. ಆ ತಪ್ಪನ್ನೂ ಲೇಖನದ ಕೊನೆಯಲ್ಲಿ ನಿವೇದಿಸುತ್ತೇನೆ.

ಸ್ಮೃತಿಯ ಮೂರು ಅವಸ್ಥೆಗಳು

ತಾರ್ಕಿಕರು ಜ್ಞಾನವನ್ನು ಅನುಭವ, ಸ್ಮೃತಿ ಎಂದು ಎರಡಾಗಿ ವಿಭಾಗಿಸಿ, ಇವೆರಡರ ನಡುವೆ ಸಂಸ್ಕಾರವೆಂಬುದನ್ನು ಒಪ್ಪುತ್ತಾರೆ. ಕಂಡದ್ದು ಅಥವಾ ಕೇಳಿದ್ದು ಅನುಭವ. ಅದು ಮನಸ್ಸಿನಲ್ಲಿ ಬಿಟ್ಟ ಅಚ್ಚು ಸಂಸ್ಕಾರ. ಅಚ್ಚು ಮತ್ತೆ ಎಚ್ಚತ್ತು ಮೇಲೆ ಬಂದರೆ ಸ್ಮೃತಿ. ಮರೆತನೆಂದು ನಾವು ಒಬ್ಬನನ್ನು ದೂರುವಾಗ ಕೊನೆಯ ಅವಸ್ಥೆಯನ್ನು ಮಾತ್ರ ನೋಡಿರುತ್ತೇವೆ. ದೋಷವು ಅನುಭವದಲ್ಲಿಯೇ ಇದ್ದಿರಬಹುದು, ಸಂಸ್ಕಾರದಲ್ಲಿರಬಹುದು, ಸ್ಮರಣೆಯಲ್ಲಿರಬಹುದು. ಮೂರರ ಫಲವೂ ಹೊರಗಿನಿಂದ ಒಂದೇ ಬಗೆಯಾಗಿ ಕಾಣುತ್ತದೆ.

ಗಣಕಯಂತ್ರದಲ್ಲಿಯೂ ಇದೇ ಕ್ರಮ. ಯಂತ್ರವು ಒಂದು ಸಂಖ್ಯೆಯನ್ನು ಸ್ಮೃತಿಬಿಲ್ಲೆಯೊಳಗೆ ಬರೆಯುತ್ತದೆ; ಬಿಲ್ಲೆಯು ಅದನ್ನು ಕಾದಿಡುತ್ತದೆ; ಬೇಕಾದಾಗ ಯಂತ್ರವು ಅದನ್ನು ಮರಳಿ ಓದುತ್ತದೆ. ಬರೆಯುವ ದಾರಿ ಕೆಟ್ಟರೂ, ಕಾದಿಡುವ ಬಿಲ್ಲೆ ಕೆಟ್ಟರೂ, ಓದುವ ದಾರಿ ಕೆಟ್ಟರೂ ಪರದೆಯ ಮೇಲೆ ಮೂಡುವುದು ಅಬದ್ಧವೇ. ದುರಸ್ತಿಯ ವಿದ್ಯೆಯೆಲ್ಲ ಈ ಮೂರನ್ನು ಬೇರ್ಪಡಿಸಿ ನೋಡುವುದರಲ್ಲಿದೆ.

ಯಂತ್ರದ ಪರಿಚಯ

ನಮ್ಮೆದುರಿಗೆ ಇದ್ದುದು ಬಿಬಿಸಿ ಮೈಕ್ರೋ ಎಂಬ ಹೆಸರಿನ ಯಂತ್ರ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆಯು 1981ರಲ್ಲಿ ಇದನ್ನು ಹೊರತಂದಿತು. ಭಾರತದ ಶಾಲಾ ಇತಿಹಾಸದಲ್ಲಿಯೂ ಇದಕ್ಕೆ ಸ್ಥಾನವಿದೆ. 1984ರಲ್ಲಿ ಕೇಂದ್ರ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿ, ಮೊದಲಿಗೆ ಸುಮಾರು 250 ಪ್ರೌಢಶಾಲೆಗಳಲ್ಲಿ ಮಕ್ಕಳಿಗೆ ಗಣಕಯಂತ್ರದ ಪರಿಚಯ ಮಾಡಿಸಲು ತೊಡಗಿದಾಗ ಆರಿಸಿಕೊಂಡುದು ಈ ಯಂತ್ರವನ್ನೇ. ನಮ್ಮ ದೇಶದ ಎಷ್ಟೋ ಮಕ್ಕಳು ಮೊತ್ತಮೊದಲು ಬೆರಳಿಟ್ಟ ಕೀಲಿಮಣೆ ಇದು.

ಇದರ ಸ್ಮೃತಿಯ ಪ್ರಮಾಣ 32,768 ಬೈಟ್. ಇಂದಿನ ಕೈಫೋನಿನ ಒಂದು ಛಾಯಾಚಿತ್ರಕ್ಕೂ ಸಾಲದಷ್ಟು. ಒಂದು ಬೈಟೆಂದರೆ ಎಂಟು ಬಿಟ್, ಎಂದರೆ ಸೊನ್ನೆ ಅಥವಾ ಒಂದು ಎಂಬ ಎಂಟು ಗುರುತುಗಳು. ಫಲಕದ ಮೇಲೆ ಹದಿನಾರು ಸ್ಮೃತಿಬಿಲ್ಲೆಗಳು ಎಂಟೆಂಟರ ಎರಡು ತಂಡಗಳಾಗಿ ನೆಲೆಗೊಂಡಿವೆ. ಒಂದೊಂದು ಬಿಲ್ಲೆಯಲ್ಲಿ 16,384 ಬಿಟ್‌ಗಳು. ಮೊದಲ ತಂಡವು ಕೆಳಗಿನ ಅರ್ಧದ ಮನೆಗಳನ್ನೂ ಎರಡನೆಯ ತಂಡವು ಮೇಲಿನ ಅರ್ಧದ ಮನೆಗಳನ್ನೂ ಕಾಯುತ್ತವೆ.

ಇಲ್ಲಿ ಗಮನಿಸಬೇಕಾದ ಮರ್ಮವೊಂದುಂಟು. ಒಂದು ಬೈಟಿನ ಎಂಟು ಗುರುತುಗಳು ಒಂದೇ ಬಿಲ್ಲೆಯಲ್ಲಿರುವುದಿಲ್ಲ. ಎಂಟು ಲಿಪಿಕಾರರು ಸಾಲಾಗಿ ಕುಳಿತು, ಎಂಟಕ್ಷರದ ಪ್ರತಿಯೊಂದು ಪದದಲ್ಲಿಯೂ ಮೊದಲನೆಯವನು ಮೊದಲ ಅಕ್ಷರವನ್ನೇ, ಎರಡನೆಯವನು ಎರಡನೆಯದನ್ನೇ ತನ್ನ ಓಲೆಯಲ್ಲಿ ಬರೆದಿಟ್ಟುಕೊಂಡರೆ ಹೇಗೋ ಹಾಗೆ ಈ ಏರ್ಪಾಡು. ಒಬ್ಬ ಲಿಪಿಕಾರನಿಗೆ ಕಣ್ಣು ಮಂಜಾದರೆ ಪ್ರತಿಯೊಂದು ಪದದಲ್ಲಿಯೂ ಅದೇ ಸ್ಥಾನದ ಅಕ್ಷರ ಕೆಡುತ್ತದೆ. ತಪ್ಪು ಎಲ್ಲೆಡೆ ಹರಡಿಕೊಂಡಂತೆ ತೋರಿದರೂ ತಪ್ಪು ಮಾಡಿದವನು ಒಬ್ಬನೇ.

ಬಿಲ್ಲೆಯೊಳಗಿನ ನೆನಪು

ಈ ಜಾತಿಯ ಬಿಲ್ಲೆಯಲ್ಲಿ ಪ್ರತಿಯೊಂದು ಬಿಟ್ಟಿಗೂ ಅತಿಸೂಕ್ಷ್ಮವಾದ ಒಂದು ಕೆಪಾಸಿಟರ್, ಅದಕ್ಕೆ ಬಾಗಿಲಾಗಿ ಒಂದು ಟ್ರಾನ್ಸಿಸ್ಟರ್ ಇರುತ್ತವೆ. ಈ ರಚನೆಗೆ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಅವರು 1968ರಲ್ಲಿ ಪೇಟೆಂಟ್ ಪಡೆದರು. ಕೆಪಾಸಿಟರಿನಲ್ಲಿ ವಿದ್ಯುದಂಶ ತುಂಬಿದ್ದರೆ ಒಂದು ಗುರುತು, ಬರಿದಾಗಿದ್ದರೆ ಇನ್ನೊಂದು. ಆದರೆ ಆ ತುಂಬುವಿಕೆ ಸ್ಥಿರವಲ್ಲ. ತೂತುಬಿದ್ದ ಕೊಡದ ನೀರಿನಂತೆ ಸೋರಿಹೋಗುತ್ತದೆ. ಆದುದರಿಂದ ಸೆಕೆಂಡಿನ ಐನೂರರಲ್ಲಿ ಒಂದು ಭಾಗದೊಳಗೆ ಬಿಲ್ಲೆಯ ಎಲ್ಲ ಸಾಲುಗಳನ್ನೂ ಒಮ್ಮೆ ಓದಿ ಮತ್ತೆ ತುಂಬಿಸಬೇಕು. ಬಿಬಿಸಿ ಯಂತ್ರದಲ್ಲಿ ಪರದೆಗೆ ಚಿತ್ರವನ್ನು ಒದಗಿಸುವ ಮಂಡಲವು ಸ್ಮೃತಿಯನ್ನು ಎಡೆಬಿಡದೆ ಓದುತ್ತಿರುವುದರಿಂದ ಈ ಮರುತುಂಬಿಕೆಯೂ ತಾನಾಗಿ ನಡೆಯುತ್ತದೆ. ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಸ್ಥ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿತ್ಯವೂ ಆವೃತ್ತಿ ಮಾಡದ ವರ್ಗವು ವಾರದೊಳಗೆ ಸೋರಿಹೋದುದನ್ನು ನಾವೆಲ್ಲ ಬಲ್ಲೆವು.

ಪ್ರಥಮ ಪರೀಕ್ಷೆ

ಯಂತ್ರವನ್ನು ಕಂಡೊಡನೆ ಅದನ್ನು ಚಾಲೂ ಮಾಡುವರೆಂದು ನಾನೆಣಿಸಿದ್ದೆ. ಶಿಷ್ಯರು ಕೈ ಅಡ್ಡಮಾಡಿ, “ತಡೀರಿ ಗುರುಗಳ, ಮದ್ಲ ಇದರ ಹೊಟ್ಟಿ ನೋಡೂಣು” ಎಂದರು. ವಿದ್ಯುತ್ ಪೆಟ್ಟಿಗೆಯನ್ನು ಬಿಚ್ಚಿದರು. ಗೋಡೆಯ ವಿದ್ಯುತ್ತು ಪ್ರವೇಶಿಸುವೆಡೆಯಲ್ಲಿರುವ ಸೋಸುವ ಕೆಪಾಸಿಟರುಗಳ ಹೊದಿಕೆ ನಾಲ್ಕು ದಶಕಗಳ ತರುವಾಯ ಬಿರಿದಿತ್ತು. ಹಾಗೆಯೇ ಚಾಲೂ ಮಾಡಿದರೆ ಅವು ಸಿಡಿದು ಹೊಗೆಯೇಳುವುದು ಈ ಯಂತ್ರದಲ್ಲಿ ಸರ್ವೇಸಾಮಾನ್ಯವಂತೆ. ಅವನ್ನು ಬದಲಿಸಿ, ಮಲ್ಟಿಮೀಟರಿನಿಂದ ಐದು ವೋಲ್ಟಿನ ಪೂರೈಕೆಯನ್ನು ಅಳೆದರು. ಅದು 4.75ರಿಂದ 5.25ರ ಒಳಗಿರಬೇಕು. ಪೂರೈಕೆ ತಗ್ಗಿದರೆ ನಿರ್ದುಷ್ಟವಾದ ಬಿಲ್ಲೆಯೂ ಮರೆಯುತ್ತದೆ. ಹಸಿದ ಮಗುವಿಗೆ ಪಾಠ ಹತ್ತದಿರುವಂತೆ.

ಬಳಿಕ ಯಂತ್ರವನ್ನು ಚಾಲೂ ಮಾಡಿದರು. ಮೊದಲು ಒಂದು ಗಡಸು ದನಿ, ಅದರ ಬೆನ್ನಿಗೆ ಒಂದು ಸಣ್ಣ ದನಿ ಕೇಳಿಸಿತು. ಗಡಸು ದನಿಯೊಂದೇ ನಿಲ್ಲದೆ ಮೊಳಗುತ್ತಿದ್ದರೆ ಯಂತ್ರದ ಮಿದುಳು ತನ್ನ ಕೆಲಸವನ್ನು ಆರಂಭಿಸಲಾರದೆ ನಿಂತಿದೆಯೆಂದು ತಿಳಿಯಬೇಕು. ಎರಡನೆಯ ದನಿ ಬಂದುದರಿಂದ ಅದರ ಮಿದುಳೂ, ಅಳಿಸಲಾಗದ ಸೂಚನೆಗಳಿರುವ ಬಿಲ್ಲೆಗಳೂ, ಸ್ಮೃತಿಯ ಕೆಳಗಿನ ಅರ್ಧವೂ ಬಹುಮಟ್ಟಿಗೆ ಸುಸ್ಥಿತಿಯಲ್ಲಿವೆಯೆಂದು ಊಹಿಸಿದರು. ಏಕೆಂದರೆ ಯಂತ್ರವು ತನ್ನ ನಿತ್ಯದ ಲೆಕ್ಕಾಚಾರವನ್ನು ಇಟ್ಟುಕೊಳ್ಳುವುದು ಕೆಳಗಿನ ಅರ್ಧದಲ್ಲಿ. ತರುವಾಯ ಬೆರಳ ತುದಿಯಿಂದ ಹದಿನಾರು ಬಿಲ್ಲೆಗಳನ್ನೂ ಮುಟ್ಟಿ ನೋಡಿದರು. ಒಳಗೇ ಕೂಡಿಕೊಂಡ ಬಿಲ್ಲೆಯು ನೆರೆಯವಕ್ಕಿಂತ ಹೆಚ್ಚು ಕಾಯುತ್ತದೆ. ಇಲ್ಲಿ ಯಾವುದೂ ಕಾದಿರಲಿಲ್ಲ. ಕಾಯದಿದ್ದ ಮಾತ್ರಕ್ಕೆ ನಿರ್ದೋಷಿಯೆಂದು ತೀರ್ಮಾನಿಸಲಾಗದು.

ಅಕ್ಷರವ್ಯತ್ಯಯದಿಂದ ಊಹೆ

ಪರದೆ ಬೆಳಗಿತು. ಖಾಲಿಯಿರಬೇಕಾದ ಪರದೆಯ ತುಂಬ ಆಶ್ಚರ್ಯಸೂಚಕ ಚಿಹ್ನೆಗಳು. ಮೇಲೆ ‘ಬಿಬಿಸಿ’ ಎಂದು ಇರಬೇಕಾದೆಡೆ ‘ಸಿಸಿಸಿ’ ಎಂದಿತ್ತು. ‘ಕಂಪ್ಯೂಟರ್’ ಎಂಬ ಪದದಲ್ಲಿ ಪಿ ಇರಬೇಕಾದಲ್ಲಿ ಕ್ಯೂ, ಟಿ ಇರಬೇಕಾದಲ್ಲಿ ಯು, ಆರ್ ಇರಬೇಕಾದಲ್ಲಿ ಎಸ್ ಅಕ್ಷರಗಳಿದ್ದವು. ಉಳಿದ ಅಕ್ಷರಗಳು ಸರಿಯಾಗಿದ್ದವು. 32 ಎಂಬ ಸಂಖ್ಯೆ 33 ಆಗಿತ್ತು.

ನನಗೆ ಇದು ಗೊಂದಲವೆಂದು ತೋರಿತು. ಶಿಷ್ಯರಿಗೆ ತೋರಿದುದು ನಿಯಮ. ಯಂತ್ರದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ಬಿ ಅಕ್ಷರಕ್ಕೆ 66, ಸಿ ಅಕ್ಷರಕ್ಕೆ 67. ಖಾಲಿ ಸ್ಥಳಕ್ಕೆ 32, ಆಶ್ಚರ್ಯಸೂಚಕಕ್ಕೆ 33. ಪಿ 112, ಕ್ಯೂ 113. ಎಂದರೆ ಸಮಸಂಖ್ಯೆಯ ಅಕ್ಷರಗಳೆಲ್ಲವೂ ಒಂದನ್ನು ಕೂಡಿಕೊಂಡು ವಿಷಮಸಂಖ್ಯೆಯವಾಗಿವೆ. ಮೊದಲೇ ವಿಷಮವಾಗಿದ್ದವು ಹಾಗೆಯೇ ಉಳಿದಿವೆ. ಎಂಟು ಗುರುತುಗಳಲ್ಲಿ ಏಕಸ್ಥಾನದ ಗುರುತು ಸೊನ್ನೆಯಾಗಲಾರದೆ ಸದಾ ಒಂದಾಗಿಯೇ ನಿಂತರೆ ಮಾತ್ರ ಹೀಗಾಗುತ್ತದೆ. ಮಕಾರವಿರುವಲ್ಲೆಲ್ಲ ವಕಾರವನ್ನೇ ಬರೆದ ಓಲೆಯ ಪ್ರತಿಯನ್ನು ಕಂಡಾಗ, ಇದು ಲಿಪಿಕಾರನ ಕೈಯ ರೂಢಿಯೆಂದು ಸಂಪಾದಕನಿಗೆ ಗೊತ್ತಾಗುವುದಿಲ್ಲವೆ? ಒಂದೇ ಬಗೆಯಲ್ಲಿ ಮರುಕಳಿಸುವ ತಪ್ಪು ತನ್ನ ಮೂಲವನ್ನು ತಾನೇ ಹೇಳುತ್ತದೆ.

ಪರದೆಯ ಒಂದು ಸಾವಿರ ಅಕ್ಷರಗಳು ಸ್ಮೃತಿಯ 31,744ನೆಯ ಮನೆಯಿಂದ ಆರಂಭವಾಗುತ್ತವೆ. ಅದು ಮೇಲಿನ ಅರ್ಧಕ್ಕೆ ಸೇರಿದ್ದು. ಆದುದರಿಂದ ಆ ತಂಡದಲ್ಲಿ ಏಕಸ್ಥಾನವನ್ನು ಕಾಯುವ ಬಿಲ್ಲೆಯ ಮೇಲೆ ಸಂಶಯ ಬಂದಿತು. ನಾನು, “ಹಾಗಾದರೆ ಅದನ್ನು ಕಿತ್ತು ತೆಗೆಯಬಹುದಲ್ಲ?” ಎಂದು ಕೇಳಿದೆ. ಶಿಷ್ಯರು ಒಪ್ಪಲಿಲ್ಲ. “ಬಿಲ್ಲೆ ಖರೇ ಹೇಳಿ, ನಡುವಿನಂವ ತಪ್ಪು ಮುಟ್ಟಿಸಿದ್ದರ ಏನ್ ಮಾಡೂದ್ರಿ?” ಎಂದರು. ಬಿಲ್ಲೆಯಿಂದ ಹೊರಟ ಅಕ್ಷರವು ಪರದೆಯನ್ನು ಸೇರುವ ಮೊದಲು ಮತ್ತೊಂದು ಬಿಲ್ಲೆಯನ್ನು ಹಾದುಬರುತ್ತದೆ. ಆ ನಡುವಿನ ದೂತನ ಒಂದು ಕಾಲು ಕೆಟ್ಟಿದ್ದರೂ ಪರದೆಯ ಮೇಲೆ ಇದೇ ‘ಸಿಸಿಸಿ’ ಮೂಡೀತು.

ಸಾಕ್ಷಿಯೂ ಆರೋಪಿಯೂ

ಪರದೆಯನ್ನು ನಂಬದೆ ಬಿಲ್ಲೆಯನ್ನು ಪ್ರಶ್ನಿಸುವುದು ಹೇಗೆ? ಮನೆಯೊಂದರಲ್ಲಿ ಸೊನ್ನೆಯನ್ನಿಟ್ಟು ಮರಳಿ ಓದಿ ತೋರಿಸೆಂದರೆ, ಸೊನ್ನೆಯೇ ಬಂದರೂ ಪರದೆಯ ಮೇಲೆ ಅದು ಒಂದಾಗಿಯೇ ಕಾಣುತ್ತದೆ. ಏಕೆಂದರೆ ಸೊನ್ನೆಯೆಂಬ ಅಂಕಿಯ ಸಂಖ್ಯೆ 48, ಒಂದೆಂಬ ಅಂಕಿಯದು 49. ಆದುದರಿಂದ ಶಿಷ್ಯರು ಕಣ್ಣನ್ನು ಬಿಟ್ಟು ಕಿವಿಯನ್ನು ಆಶ್ರಯಿಸಿದರು: “20,480ನೆಯ ಮನೆಯಲ್ಲಿ ಸೊನ್ನೆಯನ್ನಿಡು, ಮರಳಿ ಓದು, ಸೊನ್ನೆಯೇ ಇದ್ದರೆ ದನಿ ಮಾಡು.” ದನಿ ಬರಲಿಲ್ಲ. ನಾನು ತೀರ್ಪು ಸಿಕ್ಕಿತೆಂದುಕೊಂಡೆ. ಅವರು ಅದೇ ಪ್ರಶ್ನೆಯನ್ನು 12,288ನೆಯ ಮನೆಯನ್ನು ಕುರಿತು ಕೇಳಿದರು. ಅದು ಕೆಳಗಿನ ಅರ್ಧದ್ದು. ಅಲ್ಲಿ ದನಿ ಬರಲೇಬೇಕು. ಅಲ್ಲಿಯೂ ಬರಲಿಲ್ಲ.

ಸ್ವಲ್ಪ ಹೊತ್ತು ಯೋಚಿಸಿ ಅವರು ನಕ್ಕರು. ಬೇಸಿಕ್ ಭಾಷೆಯು ಎರಡು ಸಂಖ್ಯೆಗಳನ್ನು ಹೋಲಿಸುವಾಗ ಮೊದಲನೆಯದನ್ನು ಒಂದೆಡೆ ತಾತ್ಕಾಲಿಕವಾಗಿ ಗುರುತುಹಾಕಿಕೊಳ್ಳುತ್ತದೆ. ಆ ಲೆಕ್ಕದ ಹಾಳೆಯಿರುವುದು ಪರದೆಯ ಮನೆಗಳ ಕೆಳಗೆ ಒತ್ತಿಕೊಂಡು, ಎಂದರೆ ಸಂಶಯಾಸ್ಪದವಾದ ಮೇಲಿನ ಅರ್ಧದಲ್ಲಿಯೇ! ನಾವು ಆರೋಪಿಯನ್ನೇ ಸಾಕ್ಷಿಯಾಗಿ ಕರೆದಿದ್ದೆವು. ಅದರ ಮಾತಿನಿಂದ ನಿರಪರಾಧಿಯ ಮೇಲೂ ಆರೋಪ ಬಂದಿತು. ಆಗ ಅವರು ಆ ಹಾಳೆಯ ಮೇಲಿನ ಗಡಿಯನ್ನು 16,384ಕ್ಕೆ ಇಳಿಸಿ, ಲೆಕ್ಕವೆಲ್ಲ ಕೆಳಗಿನ ಅರ್ಧದಲ್ಲಿ ನಡೆಯುವಂತೆ ಮಾಡಿದರು. ಮತ್ತೆ 12,288ನ್ನು ಕೇಳಿದಾಗ ದನಿ ಬಂದಿತು. 20,480ನ್ನು ಕೇಳಿದಾಗ ಬರಲಿಲ್ಲ. ಅದೇ ಮನೆಯಲ್ಲಿ ಒಂದನ್ನಿಟ್ಟು ಕೇಳಿದಾಗ ಬಂದಿತು. ಎರಡನ್ನಿಟ್ಟರೆ ಮೂರು, ನಾಲ್ಕನ್ನಿಟ್ಟರೆ ಐದು ಓದಿಬಂದವು. ಮೇಲಿನ ಅರ್ಧದ ಬೇರೆ ಬೇರೆ ಮನೆಗಳಲ್ಲಿಯೂ ಇದೇ ಫಲ. ಹೀಗೆ ದೋಷವು ಓದಿ ತೋರಿಸುವ ದಾರಿಯದಲ್ಲ, ಕಾದಿಡುವ ಬಿಲ್ಲೆಯದೆಂದು ಸಿದ್ಧಿಸಿತು.

ನಿಶ್ಚಯಕ್ಕಾಗಿ ಇನ್ನೊಂದು ಪರೀಕ್ಷೆ ನಡೆಯಿತು. ಯಂತ್ರವನ್ನು ನಿಲ್ಲಿಸಿ, ಸಂಶಯದ ಬಿಲ್ಲೆಯ ಬೆನ್ನ ಮೇಲೆ ಒಳ್ಳೆಯ ಬಿಲ್ಲೆಯೊಂದನ್ನು ಕಾಲಿಗೆ ಕಾಲು ತಾಗುವಂತೆ ಕೂರಿಸಿ ಮತ್ತೆ ಚಾಲೂ ಮಾಡಿದರು. ಆಶ್ಚರ್ಯಸೂಚಕಗಳು ಮಾಯವಾದವು. ಕೆಟ್ಟ ಬಿಲ್ಲೆಯು ಮೌನವಾಗಿದ್ದರೆ ಮಾತ್ರ ಈ ಉಪಾಯ ಫಲಿಸುತ್ತದೆ. ಅದು ಹಟದಿಂದ ತಪ್ಪನ್ನೇ ನುಡಿಯುತ್ತಿದ್ದರೆ ಮೇಲಿನ ಬಿಲ್ಲೆಯ ಮಾತು ಕೇಳಿಸದು. ಆದುದರಿಂದ ಈ ಪರೀಕ್ಷೆ ಫಲಿಸದಿದ್ದರೆ ಕೆಳಗಿನದು ನಿರ್ದೋಷಿಯೆಂದು ಹೇಳುವಂತಿಲ್ಲ. ಕೊನೆಗೆ ಕೆಟ್ಟ ಬಿಲ್ಲೆಯ ಹದಿನಾರು ಕಾಲುಗಳನ್ನೂ ಒಂದೊಂದಾಗಿ ಕತ್ತರಿಸಿ ತೆಗೆದು, ಫಲಕದ ತಾಮ್ರದ ಗೆರೆಗಳು ಕೀಳದಂತೆ ರಂಧ್ರಗಳ ಬೆಸುಗೆಯನ್ನು ಬಿಡಿಸಿ, ಅಲ್ಲಿ ಸಾಕೆಟ್ ಕೂರಿಸಿ, ಹಳೆಯ ಫಲಕವೊಂದರಿಂದ ತೆಗೆದಿಟ್ಟಿದ್ದ ಬಿಲ್ಲೆಯನ್ನು ಇಟ್ಟರು. ಅಲ್ಲಿಯವರೆಗೆ ಪರದೆಯ ಮೇಲೆ ಪ್ರಶ್ನಾರ್ಥಕವಾಗಿ ಕಾಣುತ್ತಿದ್ದ ಚಿಹ್ನೆಯು, ಇನ್ನು ಬರೆಯಬಹುದೆಂದು ಸೂಚಿಸುವ ತನ್ನ ನಿಜವಾದ ಬಾಣದ ಗುರುತಾಗಿ ಮೂಡಿತು.

ಉಳಿದ ದೋಷಪ್ರಕಾರಗಳು

ಎಲ್ಲ ಸ್ಮೃತಿದೋಷಗಳೂ ಇಷ್ಟು ಸರಳವಲ್ಲ. ಶಿಷ್ಯರಿಂದ ತಿಳಿದುಕೊಂಡ ಕೆಲವು ಪ್ರಕಾರಗಳನ್ನು ಶಿಕ್ಷಕ ಬಂಧುಗಳ ಉಪಯೋಗಕ್ಕಾಗಿ ಸಂಗ್ರಹಿಸುತ್ತೇನೆ.

ಒಂದನೆಯದಾಗಿ, ಒಂದೇ ಮನೆ ಅಥವಾ ಒಂದೇ ಸಾಲು ಕೆಡುವುದು. ಇದನ್ನು ಹಿಡಿಯಲು ಎಲ್ಲ ಮನೆಗಳಲ್ಲಿಯೂ 0, 255, 85, 170 ಎಂಬ ಸಂಖ್ಯೆಗಳನ್ನು ಸರದಿಯಾಗಿ ತುಂಬಿ ಓದಬೇಕು. 85 ಮತ್ತು 170ರಲ್ಲಿ ಸೊನ್ನೆ, ಒಂದುಗಳು ಒಂದು ಬಿಟ್ಟೊಂದು ಬರುವುದರಿಂದ ನೆರೆಯ ಗುರುತುಗಳು ಒಂದನ್ನೊಂದು ಕೆಡಿಸುವುದು ಗೊತ್ತಾಗುತ್ತದೆ.

ಎರಡನೆಯದು ವಿಳಾಸದೋಷ. ವಿಳಾಸದ ಗೆರೆಯೊಂದು ಕೆಟ್ಟರೆ ಒಂದು ಮನೆಗೆ ಕಳುಹಿಸಿದ್ದು ಇನ್ನೊಂದು ಮನೆಗೆ ಹೋಗುತ್ತದೆ. ಎಲ್ಲ ಮನೆಗಳಲ್ಲಿಯೂ ಒಂದೇ ಸಂಖ್ಯೆಯನ್ನು ತುಂಬಿದರೆ ಈ ದೋಷ ಎಂದಿಗೂ ಕಾಣದು. ಪ್ರತಿಯೊಂದು ಮನೆಯಲ್ಲಿಯೂ ಅದರದೇ ಗುರುತನ್ನು ಬರೆದು ಬಳಿಕ ಓದಿ ನೋಡಬೇಕು.

ಮೂರನೆಯದು ಕಾಲದೋಷ. ಬರೆದ ಕೂಡಲೇ ಓದಿದರೆ ಸರಿ, ತಡೆದು ಓದಿದರೆ ತಪ್ಪು. ಮರುತುಂಬಿಕೆ ತಪ್ಪಿದಾಗಲೂ ಬಿಲ್ಲೆ ಸೋರುತ್ತಿದ್ದಾಗಲೂ ಹೀಗಾಗುತ್ತದೆ. ತಂಪಿನಲ್ಲಿ ಸರಿಯಾಗಿದ್ದು ಕಾದ ಮೇಲೆ ತಪ್ಪುವುದೂ ಉಂಟು.

ನಾಲ್ಕನೆಯದಾಗಿ, ಬಿಲ್ಲೆಯಲ್ಲಿ ಶಾಶ್ವತವಾದ ದೋಷವಿಲ್ಲದಿದ್ದರೂ ಒಮ್ಮೆ ಮಾತ್ರ ತಪ್ಪುವುದು. ಬಿಲ್ಲೆಯ ಹೊದಿಕೆಯಲ್ಲಿ ಲೇಶಮಾತ್ರವಾಗಿರುವ ವಿಕಿರಣ ದ್ರವ್ಯದಿಂದ ಹೊರಡುವ ಆಲ್ಫಾ ಕಣವೂ ಒಂದು ಗುರುತನ್ನು ತಿರುಗಿಸಬಲ್ಲದೆಂದು ಇಂಟೆಲ್ ಸಂಸ್ಥೆಯ ವಿಜ್ಞಾನಿಗಳು 1978ರಲ್ಲಿ ತೋರಿಸಿದರು. ಒಮ್ಮೆ ತಪ್ಪಿದ ಮಾತ್ರಕ್ಕೆ ಬಿಲ್ಲೆಯನ್ನು ಎಸೆಯಬಾರದು.

ಇದೇ ಪ್ರಸಂಗದಲ್ಲಿ ಅವರು ಹೇಳಿದ ಸಂಗತಿಯೊಂದು ನನಗೆ ಬಹಳ ಹಿಡಿಸಿತು. 1982ರಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಅಗ್ಗದ ಯಂತ್ರದ ದೊಡ್ಡ ಮಾದರಿಯಲ್ಲಿ, ತಯಾರಿಕೆಯಲ್ಲಿ ಅರ್ಧ ಕೆಟ್ಟಿದ್ದ ಬಿಲ್ಲೆಗಳನ್ನು ಬೇಕೆಂದೇ ಬಳಸಿದರಂತೆ. 65,536 ಬಿಟ್‌ಗಳ ಬಿಲ್ಲೆಯಲ್ಲಿ ಯಾವ ಅರ್ಧ ಒಳ್ಳೆಯದೆಂದು ಪರೀಕ್ಷಿಸಿ, ಗುರುತುಮಾಡಿ, ಒಂದೇ ಜಾತಿಯ ಎಂಟನ್ನು ಒಟ್ಟಿಗೆ ಜೋಡಿಸಿ, ಫಲಕದಲ್ಲಿ ಒಂದು ತಂತಿಯ ಸೇತುವೆಯಿಂದ ಆ ಅರ್ಧವನ್ನೇ ಆರಿಸಿಕೊಳ್ಳುವಂತೆ ಮಾಡಿದರು. ಕಸಕ್ಕೆ ಹೋಗಬೇಕಾಗಿದ್ದ ಬಿಲ್ಲೆಗಳು ಬಡವರ ಮನೆಯ ಮಕ್ಕಳ ಕೈಗೂ ಯಂತ್ರವನ್ನು ಮುಟ್ಟಿಸಿದವು.

ಎರಡನೆಯ ಸಾಕ್ಷಿ

ಬರೆದುದೇನೆಂದು ನಮಗೆ ಮೊದಲೇ ಗೊತ್ತಿದ್ದರೆ ಓದಿಬಂದುದನ್ನು ಅದರೊಡನೆ ಹೋಲಿಸಬಹುದು. ಗೊತ್ತಿಲ್ಲದಾಗ ಏನು ಗತಿ? 1981ರ ಐಬಿಎಂ ಯಂತ್ರದಲ್ಲಿ ಎಂಟು ಬಿಲ್ಲೆಗಳ ಜೊತೆಗೆ ಒಂಬತ್ತನೆಯದೊಂದನ್ನು ಇಟ್ಟಿದ್ದರು. ಎಂಟು ಗುರುತುಗಳಲ್ಲಿ ಒಂದುಗಳ ಎಣಿಕೆ ಸಮವೋ ವಿಷಮವೋ ಎಂಬುದನ್ನು ಅದು ಬರೆದಿಟ್ಟುಕೊಳ್ಳುತ್ತಿತ್ತು. ಒಂದು ಗುರುತು ಕೆಟ್ಟರೆ ಎಣಿಕೆ ತಪ್ಪಿ ಯಂತ್ರ ಎಚ್ಚರಿಸುತ್ತಿತ್ತು. ಎಲ್ಲಿ ಕೆಟ್ಟಿದೆಯೆಂದು ಹೇಳಿ ತಿದ್ದಲೂ ಬಲ್ಲ ಎಣಿಕೆಯನ್ನು ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರು 1950ರಲ್ಲಿ ಪ್ರಕಟಿಸಿದರು.

ನಮ್ಮ ಛಂದಸ್ಸು ಇದೇ ಕೆಲಸವನ್ನು ಬಹುಕಾಲದಿಂದ ಮಾಡುತ್ತಿದೆ. ಕಂದಪದ್ಯದ ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ಹನ್ನೆರಡು, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಇಪ್ಪತ್ತು, ಒಟ್ಟು ಅರುವತ್ತನಾಲ್ಕು ಮಾತ್ರೆಗಳು. ಓಲೆಯಲ್ಲಿ ಅಕ್ಷರವೊಂದು ಬಿಟ್ಟುಹೋದರೆ ಮಾತ್ರೆ ಕೊರೆಯಾಗಿ ಯಾವ ಪಾದದಲ್ಲಿ ದೋಷವಿದೆಯೆಂದು ತಿಳಿಯುತ್ತದೆ. ನಾಲ್ಕೂ ಪಾದಗಳ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬ ಪ್ರಾಸನಿಯಮದಿಂದ, ಆ ಸ್ಥಾನದ ಅಕ್ಷರ ಹೋಗಿದ್ದರೆ ಅದು ಯಾವುದೆಂದೂ ತಿಳಿಯುತ್ತದೆ. ನಮ್ಮ ಸೇಡಂ ತಾಲೂಕಿನ ಮಳಖೇಡದಲ್ಲಿ, ಎಂದರೆ ಅಂದಿನ ಮಾನ್ಯಖೇಟದಲ್ಲಿ, ಒಂಬತ್ತನೆಯ ಶತಮಾನದಲ್ಲಿ ರೂಪುಗೊಂಡ ಕವಿರಾಜಮಾರ್ಗದ ಬಹುಭಾಗ ಕಂದಗಳಲ್ಲಿದೆ. ಕೆ. ಬಿ. ಪಾಠಕರು 1898ರಲ್ಲಿ ಅದನ್ನು ಮುದ್ರಿಸಿ ಹೊರತಂದರು. ಒಂದು ಸಾವಿರ ವರ್ಷ ಲಿಪಿಕಾರರ ಕೈಯಿಂದ ಕೈಗೆ ಬಂದ ಪಾಠವನ್ನು ಪರಿಶೀಲಿಸುವವನಿಗೆ ಈ ಎಣಿಕೆಯೇ ಒಂಬತ್ತನೆಯ ಬಿಲ್ಲೆ.

ಶರಣರ ವಚನಗಳಿಗೆ ಮಾತ್ರೆಯ ಕಟ್ಟಿಲ್ಲ. ಅಲ್ಲಿ ಅಂಕಿತವು ಕರ್ತೃವನ್ನು ತಿಳಿಸುತ್ತದೆ. ಪಾಠವನ್ನು ನಿರ್ಣಯಿಸಲು ಹಲವು ಓಲೆಗಳು ಬೇಕು. ಪೂಜ್ಯ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡವೋಲೆಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಮಹತ್ತು ಈ ದೃಷ್ಟಿಯಿಂದಲೂ ಸ್ಮರಣೀಯ. ದೇವರ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಓಲೆಕಟ್ಟು ಎರಡನೆಯ ಸಾಕ್ಷಿಯಾಗಿ ಹೊರಬಂದಿತು.

ಸನ್ನತಿಯ ಶಿಲೆಯ ಕುಳಿಗೂ ಇದೇ ಉಪಾಯ. ಅದರಲ್ಲಿರುವುದು ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳು ಹಾಗೂ ಎರಡು ಪ್ರತ್ಯೇಕ ಶಾಸನಗಳು. ಹನ್ನೆರಡನೆಯದು ಗಿರ್ನಾರ್, ಕಾಲ್ಸಿ ಮೊದಲಾದೆಡೆ ಉಳಿದಿದೆ. ಪ್ರತ್ಯೇಕ ಶಾಸನಗಳು ಅದುವರೆಗೆ ಒರಿಸ್ಸಾದ ಧೌಲಿ, ಜೌಗಡಗಳಲ್ಲಿ ಮಾತ್ರ ಕಂಡುಬಂದಿದ್ದವು. ಒಬ್ಬನೇ ಅರಸನ ಒಂದೇ ಆಜ್ಞೆಯನ್ನು ದೇಶದ ನಾಲ್ಕು ಮೂಲೆಗಳಲ್ಲಿ ಕಡೆಯಿಸಿದುದರಿಂದ, ಭೀಮೆಯ ದಡದಲ್ಲಿ ಹೋದ ಅಕ್ಷರಕ್ಕೆ ಕಳಿಂಗದ ಬಂಡೆ ಸಾಕ್ಷಿ ನುಡಿಯಿತು. ವಿದ್ವಾಂಸರು ಅಲ್ಲಿನ ಪಾಠವನ್ನು ಇಲ್ಲಿನ ಕುಳಿಯ ಅಗಲಕ್ಕೆ ಹೊಂದಿಸಿ ನೋಡಬಹುದಾಯಿತು. ಹೀಗೆ ತುಂಬಿದ ಅಕ್ಷರಗಳನ್ನು ಕಂಸದೊಳಗಿಡುವುದು ಶಾಸನಶಾಸ್ತ್ರದ ಶಿಷ್ಟಾಚಾರ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಬೆರೆಯಬಾರದು.

ಒಂದು ನಿವೇದನೆ

ಇಷ್ಟನ್ನು ಬರೆದ ಮೇಲೆ, ಆರಂಭದಲ್ಲಿ ಹೇಳಿದ ನನ್ನ ತಪ್ಪನ್ನು ಬಚ್ಚಿಡುವುದು ನ್ಯಾಯವಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕಂಠಪಾಠದ ಪದ್ಯಗಳನ್ನು ಅವನು ಎಂದೂ ಸರಿಯಾಗಿ ಒಪ್ಪಿಸಿದವನಲ್ಲ. ಅಕ್ಷರಗಳು ಅದಲುಬದಲಾಗುತ್ತಿದ್ದವು, ಪದಗಳು ಅರ್ಥವಿಲ್ಲದಂತೆ ಕೆಡುತ್ತಿದ್ದವು. ನಾನು ಅವನನ್ನು ಮರೆಗುಳಿಯೆಂದು ಕರೆದೆ. ಎಲ್ಲರೆದುರು ಬೆಂಚಿನ ಮೇಲೆ ನಿಲ್ಲಿಸಿದೆ. “ನಾ ಓದೀನ್ರಿ ಗುರುಗಳ” ಎಂದು ಅವನು ಹೇಳುತ್ತಿದ್ದುದು ಸುಳ್ಳೆಂದು ನಂಬಿದೆ. ಅರ್ಧವರ್ಷದ ತರುವಾಯ ಅವನು ಶಾಲೆಗೆ ಬರಲಿಲ್ಲ. ತಂದೆಯೊಡನೆ ಶಹಾಬಾದದ ಕಡೆಗೆ ಕಲ್ಲಿನ ಗಣಿಯ ಕೆಲಸಕ್ಕೆ ಹೋದನೆಂದು ಕೇಳಿದೆ.

ವರ್ಷದ ಕೊನೆಗೆ ಕಪಾಟನ್ನು ಬರಿದುಮಾಡುವಾಗ ಅವನ ಪದ್ಯದ ವಹಿ ಸಿಕ್ಕಿತು. ತೆರೆದು ನೋಡಿದೆ. ಅವನು ಒಪ್ಪಿಸುತ್ತಿದ್ದ ತಪ್ಪುಗಳೆಲ್ಲ ಅದರಲ್ಲಿ ಹಾಗೆಯೇ ಇದ್ದವು. ಹಲಗೆಯ ಮೇಲೆ ನಾನು ಬರೆದುದನ್ನು ಹಿಂದಿನ ಬೆಂಚಿನಿಂದ ಕಣ್ಣು ಕಿರಿದುಮಾಡಿ ನೋಡಿ, ಮಕಾರವನ್ನು ವಕಾರವೆಂದೂ ಪಕಾರವನ್ನು ಷಕಾರವೆಂದೂ ಬರೆದುಕೊಂಡಿದ್ದ. ಅರ್ಥವಾಗದ ಆ ಸಾಲುಗಳನ್ನು ಒಂದಕ್ಷರವೂ ಬಿಡದೆ ಉರುಹೊಡೆದಿದ್ದ. ಅರ್ಥವಿರುವ ಪದ್ಯವನ್ನು ಕಲಿಯುವುದಕ್ಕಿಂತ ಅದು ಎಷ್ಟು ಕಷ್ಟವೆಂಬುದನ್ನು ಕಂಠಪಾಠ ಮಾಡಿದವರೇ ಬಲ್ಲರು. ಅವನ ಸಂಸ್ಕಾರದಲ್ಲಿ ದೋಷವಿರಲಿಲ್ಲ, ಸ್ಮರಣೆಯಲ್ಲಿ ದೋಷವಿರಲಿಲ್ಲ. ದೋಷವಿದ್ದುದು ಕಣ್ಣಿನಲ್ಲಿ, ಒಂದು ಕನ್ನಡಕದಿಂದ ಹೋಗಬಹುದಾದ ದೋಷ. ಒಂದೇ ಬಗೆಯಲ್ಲಿ ಮರುಕಳಿಸುವ ತಪ್ಪು ತನ್ನ ಮೂಲವನ್ನು ತಾನೇ ಹೇಳುತ್ತದೆಂದು ನಾನು ಮೇಲೆ ಬರೆದೆನಷ್ಟೆ. ಓಲೆಯ ಲಿಪಿಕಾರನಿಗೆ ತೋರಿದ ಆ ಸೌಜನ್ಯವನ್ನು ನನ್ನ ಎದುರಿಗೆ ನಿಂತಿದ್ದ ಮಗುವಿಗೆ ತೋರಲಿಲ್ಲ. ವಹಿಯನ್ನು ಹಿಡಿದು ಅವನ ಊರಿಗೆ ಹೋದೆ. ಮನೆಗೆ ಬೀಗ ಬಿದ್ದಿತ್ತು. ವಹಿ ಇಂದಿಗೂ ನನ್ನಲ್ಲಿದೆ.

ಉಪಸಂಹಾರ

ದುರಸ್ತಿಯಾದ ಯಂತ್ರವು ಈಗ ನಮ್ಮ ವಿಜ್ಞಾನ ಕೊಠಡಿಯಲ್ಲಿದೆ. ಪಕ್ಕದಲ್ಲಿ ಗಾಜಿನ ಡಬ್ಬಿಯೊಳಗೆ ಆ ಕೆಟ್ಟ ಬಿಲ್ಲೆಯನ್ನೂ ಇಟ್ಟಿದ್ದೇವೆ. ಮಕ್ಕಳು ಅದನ್ನು ನೋಡಿ, ಒಂದು ಸಣ್ಣ ಬಿಲ್ಲೆಯಿಂದ ‘ಬಿಬಿಸಿ’ ಹೇಗೆ ‘ಸಿಸಿಸಿ’ ಆಯಿತೆಂದು ಕಾಗದದ ಮೇಲೆ ಎಣಿಸಿ ತಿಳಿಯುತ್ತಾರೆ. ಶಾಲೆಯ ಉಗ್ರಾಣದಲ್ಲಿ ಮೂಲೆಗೆ ಬಿದ್ದಿರುವ ಇತರ ಗಣಕಯಂತ್ರಗಳನ್ನೂ ಗುಜರಿಗೆ ಹಾಕುವ ಮೊದಲು ಒಮ್ಮೆ ಪರೀಕ್ಷಿಸಿ, ಯಾವುದರಲ್ಲಿ ಯಾವ ದೋಷವೆಂದು ಚೀಟಿ ಹಚ್ಚುವ ಕೆಲಸವನ್ನು ಆ ಹಳೆಯ ವಿದ್ಯಾರ್ಥಿಯೇ ಒಪ್ಪಿಕೊಂಡಿದ್ದಾರೆ. ಈ ವಿದ್ಯೆಯನ್ನು ಬಲ್ಲ ಇತರ ಹಳೆಯ ವಿದ್ಯಾರ್ಥಿಗಳೂ ರಜೆಯಲ್ಲಿ ಬಂದು ಕೈಗೂಡಿಸಬೇಕೆಂದು ಪ್ರಾರ್ಥನೆ.

ದಾನಿಗಳಲ್ಲಿಯೂ ನನ್ನದೊಂದು ಬಿನ್ನಹವಿದೆ. ಹೊಸ ಯಂತ್ರಗಳನ್ನು ಕೊಡಿಸುವ ಔದಾರ್ಯದ ಒಂದು ಪಾಲಿನಿಂದ, ಪ್ರತಿವರ್ಷ ಶಾಲೆ ಆರಂಭವಾದ ತಿಂಗಳೊಳಗೆ ಎಲ್ಲ ಮಕ್ಕಳ ಕಣ್ಣು ಕಿವಿಗಳ ಪರೀಕ್ಷೆ ನಡೆದು, ಬೇಕಾದವರಿಗೆ ಕನ್ನಡಕ ದೊರೆಯುವಂತಾಗಲಿ. ಶಿಕ್ಷಕ ಬಂಧುಗಳಿಗೆ ಹೇಳುವಷ್ಟು ಹಿರಿತನ ನನಗಿಲ್ಲ. ನಾನು ಈಗ ಮಾಡುತ್ತಿರುವುದನ್ನು ಮಾತ್ರ ತಿಳಿಸುತ್ತೇನೆ. ಪದ್ಯ ಒಪ್ಪಿಸಲು ತಡವರಿಸಿದ ಮಗುವನ್ನು ಪಕ್ಕಕ್ಕೆ ಕರೆದು, ಮೊದಲು ಅದರ ವಹಿಯನ್ನು ನೋಡುತ್ತೇನೆ. ಬಳಿಕ ಪದ್ಯವನ್ನು ಬಾಯಿಂದ ಹೇಳಿ, ಕೇಳಿ ಕಲಿಯಲು ಬಿಡುತ್ತೇನೆ. ಮರುದಿನ ಮತ್ತೆ ಕೇಳುತ್ತೇನೆ. ಬರೆದುಕೊಂಡದ್ದು, ಉಳಿದದ್ದು, ಮರಳಿ ಬಂದದ್ದು ಈ ಮೂರನ್ನೂ ನೋಡದೆ ಮರೆವು ಎಂಬ ಮಾತನ್ನು ಆಡುವುದಿಲ್ಲ.

ಶ್ರೀಮಠದ ಪೂಜ್ಯರ ಆಶೀರ್ವಾದದಿಂದ ಈ ವಿದ್ಯಾಲಯದಲ್ಲಿ ಯಾವ ಮಗುವೂ ಪರೀಕ್ಷೆಯಿಲ್ಲದೆ ತೀರ್ಪಿಗೆ ಗುರಿಯಾಗದಿರಲಿ.